ಕೆಳಗಿನಿಂದ ಓಗೊಡುವವರು

ಅವರ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟಂತೆ ದೂರ ನಿಂತಿತ್ತು. ಎರಡೂ ಪಾದ ಹಾಗೆಯೇ. ಸಿಂಧನೂರಿನ ಯಾವ ಅಂಗಡಿಯ ಬೂಟೂ ಆ ಪಾದಗಳಿಗೆ ಹಿಡಿಸಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನು ಹೊಸ ಬೂಟಿನ ಬದಿಯನ್ನೇ ಕೊಯ್ದು, ಒಂದು ತುಂಡು ಚರ್ಮ ಸೇರಿಸಿ ಹೊಲಿದುಕೊಟ್ಟಿದ್ದ. ಆ ಬೂಟು ಹಾಕಿಕೊಂಡು ಅವರು ನಮ್ಮ ಮನೆಯ ಮೆಟ್ಟಿಲ ಮುಂದೆ ನಿಂತಾಗ ಅಮ್ಮಿ ಮೊದಲು ನೋಡಿದ್ದು ಮುಖವನ್ನಲ್ಲ, ಕಾಲನ್ನು. ಅವರು ಅತ್ತ ಹೋದ ಮೇಲೆ, “ಆ ಕಾಲು ನೋಡಿದಿಲ್ಲೋ? ಅವು ನಡಿಯೋರ ಕಾಲಲ್ಲ, ಹತ್ತೋರ ಕಾಲು” ಅಂದಳು. ಅಮ್ಮಿಯ ಇಂಥ ಮಾತಿಗೆ ನಾನು ಆಗ ಕಿವಿಗೊಡುತ್ತಿರಲಿಲ್ಲ.

ಊರಾಚೆಯ ಸ್ನಾತಕೋತ್ತರ ಕೇಂದ್ರಕ್ಕೆ ಜಾನಪದ ಕಲಿಸಲು ಬಂದವರು ಅವರು. ನಾನು ಅಲ್ಲಿಯೇ ಕನ್ನಡ ಎಂ.ಎ.ಗೆ ಸೇರಿದ್ದೆ. ನಮ್ಮ ಮಹಡಿ ಮೇಲಿನ ಖೋಲಿ ಬಾಡಿಗೆಗೆ ಕೇಳುವ ಮೊದಲು ಊರಲ್ಲಿ ಎಷ್ಟೋ ಕಡೆ ಕೇಳಿ ಬಂದಿದ್ದರಂತೆ. ಎಲ್ಲ ಕಡೆಯೂ ಮೊದಲ ಪ್ರಶ್ನೆ, ನೀವು ಯಾವ ಮಂದಿ. ಸೋಲಿಗರು ಅಂದರೆ ಆ ಹೆಸರು ಇಲ್ಲಿ ಯಾರೂ ಕೇಳಿದ್ದಲ್ಲ. ಕಾಡಿನ ಜನ ಎಂದು ಬಿಡಿಸಿ ಹೇಳಿದರೆ, “ಮನ್ಯಾಗ ಕೇಳಿ ಹೇಳ್ತೀವ್ರಿ, ನಾಳೆ ಬರ್ರಿ” ಎಂಬ ಉತ್ತರ. ಇಂಥ ನಾಳೆಗಳು ನಮ್ಮೂರಿಗೆ ಹೊಸದಲ್ಲ, ನಮ್ಮಂಥವರೂ ಕೇಳಿದ್ದೇವೆ.

ನಮ್ಮ ಅಬ್ಬಾ ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಮುಕ್ಕುಂದ, ಜವಳಗೇರಾ ಕಡೆಯ ಜನರ ಮದುವೆ, ಬಾಣಂತನ, ಕೋರ್ಟು ಕಚೇರಿ ಎಲ್ಲವೂ ಅವರ ಬಸ್ಸಿನಲ್ಲೇ ಓಡಾಡಿವೆ. ಅವರು ಮಂದಿ ಯಾವುದೆಂದು ಕೇಳಲಿಲ್ಲ. “ಊರು ಭಾಳ ದೂರೇನ್ರೀ?” ಎಂದಷ್ಟೇ ಕೇಳಿದರು.

“ದೂರ ಕನ ಸಾಹೇಬ್ರೇ. ಹೊಂಟ ದಿನ ಸೇರಕ್ಕಾಗಲ್ಲ” ಅಂದರು ಸರ್.

ಅಬ್ಬಾ ಕೀಲಿಕೈ ಕೊಟ್ಟುಬಿಟ್ಟರು.

ಸರ್ ಚಾಮರಾಜನಗರದ ಕಡೆಯ ಬೆಟ್ಟಗಾಡಿನವರು. ತಮ್ಮ ಜನ ಇರುವ ಕೇರಿಗೆ ಅವರು ಪೋಡು ಅನ್ನುತ್ತಿದ್ದರು. ಆ ಪೋಡಿನಿಂದ ಡಾಕ್ಟರೇಟ್ ಮಾಡಿದವರಲ್ಲಿ ಅವರೇ ಮೊದಲಿಗರು. ಜೇನು ಇಳಿಸುವಾಗ ಹಾಡುವ ಹಾಡುಗಳ ಮೇಲೆ ದಪ್ಪನೆಯ ಪ್ರಬಂಧ ಬರೆದಿದ್ದರು. ಕೆಲಸದ ಆದೇಶ ಮಾತ್ರ ರಾಜ್ಯದ ಈ ತುದಿಯ ಭತ್ತದ ಊರಿಗೆ ಬಂತು. ಹೆಂಡತಿಗೆ ಪೋಡಿನ ಅಂಗನವಾಡಿಯಲ್ಲಿ ಕೆಲಸ. ತಾಯಿಯಂತೂ ಕಾಡು ಬಿಟ್ಟು ಹೊರಗೆ ಒಂದು ರಾತ್ರಿ ಮಲಗಿದವರಲ್ಲ. ಹಾಗಾಗಿ ಸರ್ ಒಬ್ಬರೇ ಬಂದರು. ಅವರಿಗೆ ಬೇಕಾಗಿದ್ದುದು ಒಂದೇ. ಊರಿನ ಹತ್ತಿರದ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಒಂದು ಹುದ್ದೆ, ಸಂಜೆಯಾದರೆ ಪೋಡಿನ ಕಡೆ ಹೋಗುವ ಬಸ್ಸು. ಆ ಕಡೆ ಎಲ್ಲಿ ಹುದ್ದೆ ಕರೆದರೂ ಅರ್ಜಿ ಹಾಕುತ್ತಿದ್ದರು, ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ. “ನಮ್ ಸಾರು ನಿಂತಾರ ನಮ್ಮನ್ಯಾಗ, ಇಂಜಿನ್ ಮಾತ್ರ ಬಂದ್ ಮಾಡಿಲ್ಲ” ಎಂದು ಅಬ್ಬಾ ತಮಾಷೆ ಮಾಡುತ್ತಿದ್ದರು.

ನಮ್ಮ ಸೀಮೆ ಅವರಿಗೆ ಒಗ್ಗಲಿಲ್ಲ. ಬಿಸಿಲಿನ ಬಗ್ಗೆ ದೂರಲಿಲ್ಲ, ಕಾಲುವೆ ನೀರಿನ ರುಚಿಯ ಬಗ್ಗೆಯೂ ಇಲ್ಲ, ಜೋಳದ ರೊಟ್ಟಿಯಂತೂ ಅಮ್ಮಿಯ ಕೈಯಿಂದ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅವರಿಗೆ ಆಗದಿದ್ದುದು ಈ ಸಪಾಟು. ಮಹಡಿಯ ಮೇಲೆ ನಿಂತರೆ ನಾಲ್ಕೂ ದಿಕ್ಕಿಗೆ ಗದ್ದೆ, ರೈಸ್ ಮಿಲ್ಲಿನ ಚಿಮಣಿ, ಮತ್ತೆ ಗದ್ದೆ. “ನಿಮ್ಮೂರಲ್ಲಿ ಕಣ್ಣು ಒರಗಿಕೊಳ್ಳಕ್ಕೆ ಒಂದು ಜಾಗ ಇಲ್ವಲ್ಲವ್ವ” ಅಂದಿದ್ದರು ಒಮ್ಮೆ. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ. ಬೆಟ್ಟ ಬೇಕಾದರೆ ಮಸ್ಕಿಗೆ ಹೋಗೋಣ ನಡೀರಿ ಸರ್ ಎಂದು, ಮುಂದಿನ ರಜೆಯ ದಿನ ನಾವು ನಾಲ್ಕಾರು ಹುಡುಗಿಯರು ಅವರನ್ನು ಮಸ್ಕಿ ಬೆಟ್ಟಕ್ಕೆ ಕರೆದೊಯ್ದೆವು.

ಕೆಳಗೇ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹತ್ತಿದರು. ಕಾದ ಬಂಡೆಯ ಮೇಲೆ ನಾವು ಉಸ್ಸಪ್ಪಾ ಎಂದು ಕೂತು ಕೂತು ಹತ್ತುವಷ್ಟರಲ್ಲಿ ಅವರು ಮೇಲೆ ಹೋಗಿ ಒಂದು ಸುತ್ತು ಹಾಕಿಯಾಗಿತ್ತು. ಬಂಡೆಗಳ ಸಂದಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಏನು ಸರ್ ಎಂದರೆ, ಜೇನು ಕಟ್ಟಿದ ಗುರುತು ಎಂದರು. ಇರಲಿಲ್ಲ. ಬಹಳ ಹೊತ್ತು ಆ ಬೋಳು ಕಲ್ಲುಗಳನ್ನು ನೋಡುತ್ತಾ ಕೂತು, “ಇದು ಬೆಟ್ಟದ ಮೂಳೆ ಕನ್ರವ್ವಾ. ಮಾಂಸ ಯಾರು ತಿಂದರೋ ಗೊತ್ತಿಲ್ಲ” ಅಂದರು. ನಾವು ನಕ್ಕೆವು. ಅವರೂ ನಕ್ಕರು. ಆದರೆ ಆಮೇಲೆ ಅವರು ಪ್ರತಿ ತಿಂಗಳೂ ಒಬ್ಬರೇ ಮಸ್ಕಿ ಬಸ್ಸು ಹತ್ತುತ್ತಿದ್ದರು. ಮೂಳೆಯಾದರೂ ಸರಿ, ಹತ್ತಲು ಏನೋ ಒಂದು ಬೇಕಿತ್ತು ಅವರಿಗೆ.

ಪೋಡಿನಲ್ಲಿ ಫೋನಿನ ಸಿಗ್ನಲ್ ಇರಲಿಲ್ಲ. ಭಾನುವಾರ ಸಂಜೆ ಅವರ ಹೆಂಡತಿ ರಸ್ತೆಯ ತಿರುವಿನವರೆಗೆ ನಡೆದು ಬಂದು ಫೋನು ಮಾಡುತ್ತಿದ್ದರು. ಆಗ ಮಹಡಿಯ ಮೇಲೆ ಬೇರೆಯೇ ಒಬ್ಬ ಮನುಷ್ಯ ಓಡಾಡುತ್ತಿದ್ದ. ಗಟ್ಟಿ ದನಿ, ಹೊಟ್ಟೆ ತುಂಬ ನಗು, ಯಾರನ್ನೋ ಅಣಕಿಸುವುದು, ಬೈಯುವುದು. ಅವರ ಮಾತು ನಮ್ಮ ಕನ್ನಡದ ದಾಯಾದಿಯಂತೆ ಕೇಳುತ್ತಿತ್ತು, ಒಂದು ಪದ ಕೈಗೆ ಸಿಕ್ಕರೆ ಮುಂದಿನ ಎರಡು ಜಾರಿ ಹೋಗುತ್ತಿದ್ದವು. ಕೆಳಗೆ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮಿ ಮೇಲೆ ನೋಡಿ, “ಇವತ್ತು ಮನುಷ್ಯಾನ ದನಿ ಬಂತು ನೋಡು” ಅನ್ನುವಳು. ಫೋನು ಮುಗಿದ ಮೇಲೆ ಅವರು ಚಹಾಕ್ಕೆ ಕೆಳಗಿಳಿದು ಬಂದರೆ ಮತ್ತೆ ಅದೇ ಸಣ್ಣ ದನಿ, ಪುಸ್ತಕದಂಥ ಮಾತು, ಅಳೆದು ತೂಗಿ ನಗುವ ನಗು.

ಪಾಠ ಚೆನ್ನಾಗಿ ಮಾಡುತ್ತಿದ್ದರು. ಆದರೆ ಅವರು ಸಂಗ್ರಹಿಸಿದ ಹಾಡುಗಳನ್ನು ಓದಿ ಅರ್ಥ ಹೇಳುತ್ತಿದ್ದರೇ ಹೊರತು ಒಂದನ್ನೂ ಹಾಡುತ್ತಿರಲಿಲ್ಲ. ಒಂದು ದಿನ ನಾವೆಲ್ಲ ಗಂಟು ಬಿದ್ದೆವು, “ಒಂದರ ಹಾಡ್ರೀ ಸರ್.” ಆಗ ಅವರು ಮೇಜಿನ ಮೇಲೆ ಕೂತು ಹೇಳಿದರು. ಜೇನು ಇಳಿಸುವವನು ಮರದ ಮೇಲೋ ಕಮರಿಯ ಅಂಚಿನಲ್ಲೋ ಇರುತ್ತಾನೆ. ಅವನ ಸೊಂಟದ ಹಗ್ಗ ಇನ್ನೊಬ್ಬನ ಕೈಯಲ್ಲಿರುತ್ತದೆ. ಆ ಇನ್ನೊಬ್ಬ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು, ಬೇರೆ ಯಾರೂ ಆಗುವಂತಿಲ್ಲ. ಒಡಹುಟ್ಟಿದ ಅಣ್ಣನಿಗೂ ಆಸ್ತಿಯ ಮೇಲೆ ಕಣ್ಣಿರಬಹುದು, ಆದರೆ ತಂಗಿಯ ತಾಳಿ ಕೀಳಲು ಯಾವನೂ ಹಗ್ಗ ಬಿಡುವುದಿಲ್ಲ. ಮೇಲಿನವನು ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ. ಹಗ್ಗ ಹಿಡಿದ ಭಾವ ಓಗೊಡುತ್ತಾನೆ. ಓಗೊಟ್ಟ ಮೇಲೆಯೇ ಮುಂದಿನ ಸಾಲು.

“ಓಗೊಡೋರು ಇಲ್ಲದ ಕಡೆ ಆ ಹಾಡು ಎತ್ತಿದರೆ, ಹಗ್ಗ ಹಿಡಿದವನು ಸತ್ತ ಅಂತ ಸಾರಿದ ಹಾಗೆ. ನಮ್ಮ ಭಾವ ಗಟ್ಟಿಮುಟ್ಟಾಗಿ ಬದುಕಿದ್ದಾನೆ ಕನ್ರಪ್ಪಾ. ನಾನು ಹೆಂಗೆ ಹಾಡಲಿ?”

ಹಿಂದಿನ ಬೆಂಚಿನಿಂದ ಒಬ್ಬ, “ನಾವು ಓಗೊಡ್ತೀವ್ರಿ ಸರ್” ಅಂದ. “ನಿನ್ನ ಅಕ್ಕನ್ನ ನಾನು ಮದುವೆಯಾಗಿಲ್ವಲ್ಲಪ್ಪ” ಅಂದರು ಸರ್. ಕ್ಲಾಸೆಲ್ಲ ನಕ್ಕಿತು, ಆ ಹುಡುಗನ ಕಿವಿ ಕೆಂಪಾದವು.

ಕೇಂದ್ರದವರಿಗೆ ಸರ್ ನೆನಪಾಗುತ್ತಿದ್ದುದು ವರ್ಷಕ್ಕೆ ಒಂದೇ ಸಲ, ಬುಡಕಟ್ಟು ಜನರ ದಿನಾಚರಣೆ ಬಂದಾಗ. ಮುಖ್ಯಸ್ಥರು ಕರೆದು, ನಿಮ್ಮ ಸಾಂಪ್ರದಾಯಿಕ ಉಡುಗೆಯಲ್ಲಿ ಬಂದು ನೃತ್ಯದ ಒಂದು ಝಲಕ್ ತೋರಿಸಿದರೆ ಕಾರ್ಯಕ್ರಮಕ್ಕೆ ಕಳೆ ಬರುತ್ತದೆ ಎಂದರಂತೆ. ಸರ್ ಆ ದಿನ ಕೋಟು ಹಾಕಿ ಟೈ ಕಟ್ಟಿಕೊಂಡು ಬಂದರು. ಆ ಕಾಲದ ಬಿಸಿಲಿನಲ್ಲಿ ನಮ್ಮೂರಲ್ಲಿ ಮದುಮಗನೂ ಕೋಟು ಹಾಕುವುದಿಲ್ಲ. ಮುಖ್ಯಸ್ಥರ ಮುಖ ಇಳಿದು ಹೋಯಿತು, “ಏನ್ರೀ, ಉಡುಪು ಅಂದಿದ್ನಲ್ಲ?” ಸರ್ ಟೈ ಸರಿ ಮಾಡಿಕೊಂಡು, “ಇದೇ ಸಾರ್. ಇಸ್ತ್ರಿ ಮಾಡಿಸಿದ್ದೀನಿ” ಎಂದರು. ನಾನು ಜೋರಾಗಿ ಚಪ್ಪಾಳೆ ಹೊಡೆದದ್ದಕ್ಕೆ ನನ್ನ ಮೇಲೆ ಕಣ್ಣು ಬಿತ್ತು, ಬೀಳಲಿ ಬಿಡಿ.

ನಾನು ಎಂ.ಎ. ಮುಗಿಸಿ ಅವರ ಬಳಿಯೇ ಸಂಶೋಧನೆಗೆ ಸೇರಿದ ಮೇಲೆ, ಕಡೆಗೂ ಅವರು ಕಾಯುತ್ತಿದ್ದುದು ಬಂತು. ಬೆಟ್ಟದ ಹತ್ತಿರದ ಒಂದು ವಿಶ್ವವಿದ್ಯಾಲಯ ಬುಡಕಟ್ಟು ಅಧ್ಯಯನಕ್ಕೆ ಒಬ್ಬ ಪ್ರಾಧ್ಯಾಪಕರು ಬೇಕೆಂದು ಕರೆದಿತ್ತು. ಅರ್ಜಿ ಹಾಕಿದವರಲ್ಲಿ ಆ ವಿಷಯದಲ್ಲಿ ಸರ್‌ಗಿಂತ ಹೆಚ್ಚು ಬರೆದವರು ಯಾರೂ ಇರಲಿಲ್ಲ. ಸಂದರ್ಶನಕ್ಕೆ ಹೊರಡುವ ದಿನ ಅಮ್ಮಿ ಶಾವಿಗೆ ಖೀರು ಮಾಡಿದಳು. ಅಬ್ಬಾ ಬಸ್ ಸ್ಟ್ಯಾಂಡಿಗೆ ಹೋಗಿ ಪರಿಚಯದ ಡ್ರೈವರನಿಗೆ, “ನಮ್ ಸಾರು ಅದಾರ, ಹುಷಾರಾಗಿ ಕರಕೊಂಡು ಹೋಗಪಾ” ಎಂದು ಹೇಳಿ ಹಿಂದಿನ ಚಕ್ರದ ಮೇಲಿಲ್ಲದ ಸೀಟು ಕೊಡಿಸಿದರು. ಮಹಡಿ ಖೋಲಿ ಖಾಲಿಯಾಗುತ್ತದೆ ಎಂದು ಅಮ್ಮಿ ಆಗಲೇ ಅಳುವುದಕ್ಕೆ ಶುರು ಮಾಡಿದ್ದಳು.

ಮರಳಿ ಬಂದವರು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದರು. ಆಗಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಅಬ್ಬಾ ಪಕ್ಕದಲ್ಲಿ ಕೂತು, “ಏನಾತ್ರೀ?” ಎಂದರು.

ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟಿದ್ದರಂತೆ. ಒಬ್ಬ ತಜ್ಞರು, ಈ ಪದ್ಧತಿಗೆ ನಿಮ್ಮ ಆಕರ ಯಾವುದು ಎಂದು ಕೇಳಿದಾಗ “ನಮ್ಮವ್ವ” ಎಂದಿದ್ದಕ್ಕೆ ಉಳಿದವರು ಮುಗುಳ್ನಕ್ಕರಂತೆ. ಅದೂ ಹೋಗಲಿ. ಕೊನೆಗೆ ಮಧ್ಯದಲ್ಲಿ ಕೂತಿದ್ದ ಹಿರಿಯರು, “ಇಷ್ಟು ಹಾಡುಗಳ ಮೇಲೆ ಬರೆದಿದ್ದೀರಿ, ಒಂದು ಜೇನಿನ ಹಾಡು ಹಾಡಿ ಕೇಳೋಣ” ಎಂದರು. ಇವರು ನಮಗೆ ಹೇಳಿದ್ದನ್ನೇ ಅವರಿಗೂ ಹೇಳಿದರು, ಓಗೊಡುವವರು ಇಲ್ಲದೆ ಅದನ್ನು ಹಾಡುವಂತಿಲ್ಲ ಎಂದು. ಹಿರಿಯರು ಪಕ್ಕದವರ ಮುಖ ನೋಡಿದರು. ಹಾಡೇ ಬರುವುದಿಲ್ಲ ಎಂದು ಅವರಿಗೆ ಅನ್ನಿಸಿತು. ಎರಡನೆಯ ಸಲ ಕೇಳಿದರು. ಇವರು ಹಾಡಲಿಲ್ಲ.

ಅಬ್ಬಾ ಹಣೆ ಹಣೆ ಬಡಿದುಕೊಂಡರು. “ಒಂದು ಹಾಡು ಅಂದುಬಿಟ್ಟಿದ್ರ ಊರು ಸಿಗತಿತ್ತಲ್ರೀ ಸಾರ್. ಯಾರು ಕೇಳಾಕ ಬರತಿದ್ರು ಅಲ್ಲಿ?”

“ಅಂದುಬಿಟ್ಟಿದ್ರೆ ಯಾವೂರಿಗೆ ಹೋಗೋದು ಸಾಹೇಬ್ರೇ?” ಅಂದರು ಸರ್. “ಭಾವನ ಮುಂದೆ ನಿಂತ್ಕೊಳ್ಳೋದು ಎಂಗೆ?”

ಆ ಹುದ್ದೆ ಸಿಕ್ಕಿದ್ದು ಇವರ ಪ್ರಬಂಧದಿಂದಲೇ ಪುಟಗಟ್ಟಲೆ ಎತ್ತಿ ಬರೆದ ಒಬ್ಬರಿಗೆ. ನಾನು ಕೆಂಡವಾಗಿ, ಕುಲಪತಿಗಳಿಗೆ ಬರೆಯುತ್ತೇನೆ, ಪತ್ರಿಕೆಗೆ ಹಾಕುತ್ತೇನೆ ಎಂದು ಕೂಗಾಡಿದೆ. ಅವರು, “ಬುಡವ್ವ. ಅವರು ಹಾಡು ಕೇಳಿದ್ರು, ತಪ್ಪೇನು. ಕೇಳೋ ಜಾಗ ಅದಲ್ಲ ಅಷ್ಟೆ” ಎಂದು ಮೇಲೆ ಹತ್ತಿ ಹೋದರು. ಆ ಭಾನುವಾರ ಫೋನಿನಲ್ಲಿ ನಗು ಕೇಳಲಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಇನ್ನೊಂದು ಹೊಡೆತ. ಪರೀಕ್ಷೆ ಮುಂದೆ ಹೋಗಿ, ಮೌಲ್ಯಮಾಪನಕ್ಕೆಂದು ಎಲ್ಲರ ರಜೆ ರದ್ದಾಯಿತು. ಜೇನಿನ ಕಾಲದಲ್ಲಿ ಪೋಡಿಗೆ ಹೋಗಿ ಭಾವನ ಜೊತೆ ಒಂದು ಸಲವಾದರೂ ಹತ್ತಿ ಬರುವುದು ಅವರು ಅಲ್ಲಿಯವರೆಗೆ ತಪ್ಪಿಸಿರಲಿಲ್ಲ. ಆ ವರ್ಷ ಉತ್ತರ ಪತ್ರಿಕೆ ತಿದ್ದುತ್ತಾ ಇಲ್ಲೇ ಉಳಿದರು. ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಮಸ್ಕಿಗೂ ಹೋಗುವುದನ್ನು ಬಿಟ್ಟರು. ಅವರು ಒಳಗೊಳಗೇ ಒಣಗುತ್ತಿದ್ದಾರೆ ಎಂದು ನಮಗೆಲ್ಲ ಗೊತ್ತಿತ್ತು, ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೇಂದ್ರದ ಎತ್ತರದ ನೀರಿನ ಟ್ಯಾಂಕಿನ ಹೊಟ್ಟೆಗೆ ಹೆಜ್ಜೇನು ಬಂದು ಕಟ್ಟಿತು. ಒಬ್ಬ ಅಟೆಂಡರಿಗೆ ಕಚ್ಚಿ ಮುಖ ಊದಿತು. ಔಷಧಿ ಹೊಡೆಸಿ ಸುಡಿಸುವುದೆಂದು ಆಫೀಸಿನಲ್ಲಿ ತೀರ್ಮಾನವಾಯಿತು. ಸರ್ ಹೋಗಿ, ಒಂದು ಸಂಜೆ ಕೊಡಿ, ನಾನೇ ಇಳಿಸುತ್ತೇನೆ ಎಂದು ಕೇಳಿಕೊಂಡರು. ಕೊಟ್ಟರು. ಪುಕ್ಕಟೆ ಕೆಲಸ ಬೇಡ ಅನ್ನುವವರು ಯಾರು. ಮರುದಿನ ಮನೆಯಲ್ಲಿ ಹಗ್ಗ ಗಂಟು ಹಾಕುತ್ತಾ ಕೂತವರು ಇದ್ದಕ್ಕಿದ್ದಂತೆ ಕೈ ಬಿಟ್ಟು ಕೂತರು. ಅಬ್ಬಾ ನೋಡಿದರು.

“ಹಗ್ಗ ನಾ ಹಿಡೀತೀನಿ ತೊಗೋರಿ.”

“ನೀವು ಹಿಡಿಯಂಗಿಲ್ಲ ಸಾಹೇಬ್ರೇ.”

“ಯಾಕ? ನಿಮ್ಮ ಹೆಂಡ್ತಿ ನನಗ ತಂಗಿ ಆದ್ರ ಆತಿಲ್ಲೋ? ಹಚ್ರಿ ಫೋನು.”

ಅಂದು ಭಾನುವಾರ, ಆಕೆ ರಸ್ತೆಯ ತಿರುವಿಗೆ ಬರುವ ಹೊತ್ತು. ಸರ್ ತಮ್ಮ ಮಾತಿನಲ್ಲಿ ಏನೋ ಉದ್ದಕ್ಕೆ ಹೇಳಿ ಫೋನನ್ನು ಅಬ್ಬಾನ ಕೈಗೆ ಕೊಟ್ಟರು. ಅಬ್ಬಾ ಎದ್ದು ನಿಂತು, ಡಿಪೋದ ಮೇಲಧಿಕಾರಿಯ ಮುಂದೆ ಮಾತಾಡುವವರಂತೆ ಟೋಪಿ ಸರಿ ಮಾಡಿಕೊಂಡರು. “ತಂಗೀ, ನಾ ಇಲ್ಲಿ ಸಿಂಧನೂರಾಗ ನಿನಗ ಅಣ್ಣ ಆಗಾಕತ್ತೀನಿ. ನೀ ಹೂಂ ಅಂದ್ರ ಹಗ್ಗ ಹಿಡೀತೀನಿ, ಇಲ್ಲಂದ್ರ ಇಲ್ಲ.” ಆ ಕಡೆಯಿಂದ, “ಹಿಡ್ಕೊ ಅಣ್ಣ. ಬುಟ್ಬುಟ್ಟೀಯ ಮತ್ತೆ” ಎಂಬ ದನಿ ನನಗೂ ಕೇಳಿಸಿತು.

ಅಬ್ಬಾ ಮಗ್ರಿಬ್ ನಮಾಜು ಮುಗಿಸಿಕೊಂಡು ಬಂದರು. ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ಸರ್ ಹಸಿ ಬೇವಿನ ಸೊಪ್ಪಿನ ಕಟ್ಟಿಗೆ ಹೊಗೆ ಹಚ್ಚಿ, ಬರಿಗಾಲಲ್ಲಿ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದರು. ಸೊಂಟದ ಹಗ್ಗ ಮೇಲಿನ ಕಂಬಿಯ ಮೇಲಿಂದ ಇಳಿದು ಅಬ್ಬಾನ ಕೈಗೆ ಬಂದಿತ್ತು. ದೂರದಲ್ಲಿ ನಾವು ಹತ್ತಾರು ಜನ ನಿಂತು ನೋಡುತ್ತಿದ್ದೆವು. ಮೇಲಿನಿಂದ ಒಂದು ದನಿ ಎದ್ದಿತು. ಇಷ್ಟು ವರ್ಷದಲ್ಲಿ ನಾವು ಯಾರೂ ಕೇಳದ ದನಿ. ಒಂದು ಸಾಲು ಹಾಡಿ ನಿಂತಿತು. ಕಾಯಿತು.

ಅಬ್ಬಾನಿಗೆ ಆ ಹಾಡೂ ತಿಳಿಯದು, ಅದರ ಉತ್ತರವೂ ತಿಳಿಯದು. ಹಗ್ಗ ಬಿಗಿ ಮಾಡಿ, ಮುಖ ಮೇಲೆತ್ತಿ, ತಮಗೆ ಬಂದ ಭಾಷೆಯಲ್ಲಿ ಕೂಗಿದರು. “ಹೌ ಭಾಯಿ, ಇಧರಿಚ್ ಹೂಂ.” ಇಲ್ಲೇ ಇದೀನಪ್ಪಾ ಎಂದು. ಹುಡುಗರು ಕಿಸಕ್ಕೆಂದರು. ಮೇಲಿನಿಂದ ಎರಡನೆಯ ಸಾಲು ಬಂತು. ಮತ್ತೆ, “ಇಧರಿಚ್ ಹೂಂ.” ಆಮೇಲೆ ಯಾರೂ ನಗಲಿಲ್ಲ. ಸರ್ ಜೇನುಹುಟ್ಟಿನ ಒಂದು ಪಾಲು ಕೊಯ್ದು, ಉಳಿದದ್ದನ್ನು ಹುಳುಗಳಿಗೆ ಬಿಟ್ಟು ಇಳಿದು ಬಂದರು. ಕೈ ಮುಖ ಎಲ್ಲ ಊದಿತ್ತು, ಕಣ್ಣಲ್ಲಿ ನೀರಿತ್ತು. ಹೊಗೆಯದ್ದು ಅಂದರು. ಅಂದಿನಿಂದ ಅಬ್ಬಾನನ್ನು ಸಾಹೇಬ್ರೇ ಅನ್ನುವುದು ಬಿಟ್ಟು ಭಾವ ಅನ್ನತೊಡಗಿದರು. ಜೇನು ತಾನಾಗಿಯೇ ಕೆಲವು ದಿನಗಳಲ್ಲಿ ಎದ್ದು ಹೋಯಿತು.

ಅವರು ಅರ್ಜಿ ಹಾಕುವುದನ್ನು ಬಿಡಲಿಲ್ಲ, ಅವರಿಗೆ ಊರೂ ಸಿಗಲಿಲ್ಲ. ನನ್ನ ಪ್ರಬಂಧದ ಪ್ರತಿ ಪುಟವನ್ನೂ ತಿದ್ದಿ, ನನಗೆ ಲಿಂಗಸುಗೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ ಅಮ್ಮಿಗಿಂತ ಹೆಚ್ಚು ಸಂತೋಷಪಟ್ಟರು. “ಸಂಜೆ ಮನೆಗೆ ಬಂದು ಉಣ್ಣೋ ಕೆಲಸ. ಕಳ್ಕೊಬೇಡ ಕನವ್ವ” ಎಂದರು. ಇವತ್ತಿಗೂ ನಾನು ಸಂಜೆ ಸಿಂಧನೂರಿನ ಬಸ್ಸು ಹತ್ತುವಾಗ ಆ ಮಾತು ನೆನಪಾಗುತ್ತದೆ. ನಾನು ಓದಿದ್ದು, ಬರೆದದ್ದು, ನಿಂತು ಪಾಠ ಮಾಡುವ ಧೈರ್ಯ, ಎಲ್ಲ ಅವರದೇ.

ಒಂದು ಬೆಳಿಗ್ಗೆ ಅವರು ಚಹಾಕ್ಕೆ ಇಳಿದು ಬರಲಿಲ್ಲ. ಎದೆ ಹಿಡಿದುಕೊಂಡು ಮಂಚದ ಪಕ್ಕ ಕೂತಿದ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಕೇಂದ್ರದವರು ಎರಡು ನಿಮಿಷ ಮೌನ ಆಚರಿಸಿ, ಆಂಬುಲೆನ್ಸ್ ಮಾಡಿಸಿಕೊಟ್ಟು, ಜೊತೆಗೆ ಯಾರು ಹೋಗುತ್ತಾರೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಹೊತ್ತಿಗೆ ಸುದ್ದಿ ಯಾರ ಮೂಲಕವೋ ಪೋಡಿಗೆ ಮುಟ್ಟಿ, ಸರ್ ಅವರ ಹೆಂಡತಿ ರಸ್ತೆಯ ತಿರುವಿಗೆ ಬಂದು ಅಬ್ಬಾನಿಗೆ ಫೋನು ಮಾಡಿದರು. “ಅಣ್ಣ, ಕರ್ಕೊಂಡು ಬಾ” ಎಂದಷ್ಟೇ ಅಂದರಂತೆ ಆಕೆ. ಅಬ್ಬಾ ಆಂಬುಲೆನ್ಸಿನ ಡ್ರೈವರನ ಪಕ್ಕ ಹತ್ತಿ ಕೂತರು. ನಾನು ಹಿಂದೆ ಸರ್ ಹತ್ತಿರ ಕೂತೆ. ದಾರಿಯುದ್ದಕ್ಕೂ ಅಬ್ಬಾ ಆ ಹುಡುಗನಿಗೆ, ನಿಧಾನ ಹೋಗಪಾ, ತಗ್ಗು ನೋಡಿ ಇಳಸಪಾ ಎಂದು ಹೇಳುತ್ತಲೇ ಇದ್ದರು.

ಮರುದಿನ ಬೆಟ್ಟ ಕಂಡಿತು. ಮರಗಳು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗಿದ್ದವು. ಅರಣ್ಯದ ಗೇಟಿನಲ್ಲಿ ಕಾವಲುಗಾರ ತಡೆದು, ನೀವು ಇವರಿಗೆ ಏನಾಗಬೇಕು ಎಂದು ಅಬ್ಬಾನ ಗಡ್ಡ ಟೋಪಿ ನೋಡಿ ಕೇಳಿದ. “ಭಾವ” ಅಂದರು ಅಬ್ಬಾ. ಅವನು ಇನ್ನೊಂದು ಪ್ರಶ್ನೆ ಕೇಳುವ ಮುನ್ನ ಒಳಗಿನಿಂದ ಪೋಡಿನ ಗಂಡಸರು ಬಂದರು. ಅವರಲ್ಲಿ ಒಬ್ಬ, ಸರ್ ಅವರ ನಿಜವಾದ ಭಾವ, ಹಗ್ಗ ಹಿಡಿದ ಕೈ ಇವೇನಾ ಎಂಬಂತೆ ಅಬ್ಬಾನ ಎರಡೂ ಅಂಗೈ ಹಿಡಿದು ತಿರುವಿ ನೋಡಿ ಬಿಟ್ಟ. ಆಮೇಲೆ ಇಬ್ಬರೂ ಸೇರಿ ಹೆಗಲು ಕೊಟ್ಟರು. ತಮ್ಮ ಕುಲದವರ ಜಾಗದಲ್ಲಿ ಅವರನ್ನು ಮಣ್ಣಿಗಿಟ್ಟರು.

ಹೊರಡುವ ಮುಂಚೆ ಅವರ ಹೆಂಡತಿ ನಮ್ಮ ಹತ್ತಿರ ಬಂದು ಕೂತರು. ಅತ್ತು ಮುಗಿಸಿದ ಮುಖ. ಏನು ತಿನ್ನುತ್ತಿದ್ದರು, ಎಲ್ಲಿ ಮಲಗುತ್ತಿದ್ದರು ಎಂದು ಕೇಳಿದರು. ಅಬ್ಬಾ ಎಲ್ಲ ಹೇಳಿದರು, ರೊಟ್ಟಿ, ಮಹಡಿ, ಕಿಟಕಿ, ಮಸ್ಕಿ ಬೆಟ್ಟ.

“ಅಲ್ಲಿ ಯಾರ ಜೊತೆ ಮಾತಾಡ್ತಿದ್ರು ಅಣ್ಣ?”

“ನಮ್ಮ ಜೋಡಿನ ಮಾತಾಡ್ತಿದ್ರಮ್ಮ.”

“ನಮ್ಮ ಮಾತು ಬತ್ತದಾ ನಿಮಗೆ?”

ಅಬ್ಬಾ ಸುಳ್ಳು ಹೇಳುವವರಲ್ಲ. “ಇಲ್ಲ ತಂಗಿ. ನಮಗ ಬರಂಗಿಲ್ಲ” ಎಂದರು.

ಆಕೆ ನೆಲ ನೋಡುತ್ತಾ ಭಾನುವಾರಗಳ ಲೆಕ್ಕ ಹಾಕಿದಂತಿತ್ತು. “ಹಂಗಾದ್ರೆ ಫೋನಲ್ಲಿ ನನ್ ಜೊತೆ ಆಡಿದ್ದು ಅಷ್ಟೇಯಾ?” ಎಂದು ಕೇಳಿದರು.

ಅಬ್ಬಾ ಹೌದೆಂದು ತಲೆಯಾಡಿಸಿದರು.